ಹನ್ನೊಂದನೆಯ ಹಣ್ಣು

“ಹನ್ನೊಂದಿದ್ವು. ನಿನ್ನೆ ಸಂಜೆ ನಾನೇ ಎಣಿಸಿ ಬರೆದಿಟ್ಟಿದ್ದೀನಿ. ಈಗ ಹತ್ತೇ ಇವೆ,” ಎಂದರು ರಾಮಸ್ವಾಮಿ. ಕೈಯಲ್ಲಿ ನೋಟ್‌ಬುಕ್ಕು, ಮೂಗಿನ ತುದಿಗೆ ಜಾರಿದ ಕನ್ನಡಕ. ಅವರೆದುರು ತೋಟದ ನಿಂಗಯ್ಯ ಹೆಗಲ ಟವಲನ್ನು ತೆಗೆದು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಅಡುಗೆಮನೆಯ ಹಿಂಬಾಗಿಲಲ್ಲಿದ್ದ ಚಂದ್ರಮತಿಗೆ ಬಾಯೊಳಗಿನ ಹುಳಿ ಇನ್ನೂ ಹೋಗಿರಲಿಲ್ಲ.

ಹಣ್ಣು ತಿಂದಿದ್ದವಳು ಅವಳು.

ಆರು ವರ್ಷದ ಹಿಂದೆ ಅಮೆರಿಕದ ಸ್ನೇಹಿತರೊಬ್ಬರು ಕಳಿಸಿದ್ದ ಮೂರು ಬ್ಲೂಬೆರಿ ಸಸಿಗಳಲ್ಲಿ ಉಳಿದದ್ದು ಇದೊಂದೇ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾಗಿದ್ದ ಅವಳ ಗಂಡ ರಾಮಸ್ವಾಮಿಯವರಿಗೆ, ಚಳಿನಾಡಿನ ಆ ಪೊದೆಯಲ್ಲಿ ಜಯಲಕ್ಷ್ಮಿಪುರಂನ ತಮ್ಮ ಹಿತ್ತಲಲ್ಲೇ ಹಣ್ಣು ಬಿಡಿಸಬೇಕೆಂಬ ಹಟ. ಹಟ ಅವರದು, ದುಡಿಮೆ ಇನ್ನಿಬ್ಬರದು. ಗಿಡಕ್ಕೆ ಹುಳಿಮಣ್ಣು ಬೇಕೆಂದು ಅವರು ಪುಸ್ತಕ ನೋಡಿ ಹೇಳಿದಾಗ, ನಿಂಗಯ್ಯ ಸರ್ವೆ ಮರಗಳ ಕೆಳಗೆ ಉದುರಿದ್ದನ್ನು ಗುಡಿಸಿ ಮೂಟೆಗಟ್ಟಲೆ ಹೊತ್ತು ತಂದು ಕೊಳೆಸಿದ. ಬಾವಿ ನೀರಿಗೆ ಎಲೆ ಹಳದಿಯಾಗುವುದನ್ನು ಮೊದಲು ಕಂಡವನೂ ಅವನೇ. ಅಂದಿನಿಂದ ಮಳೆ ಬಂದಾಗಲೆಲ್ಲ ಚಂದ್ರಮತಿ ಸೂರಿನ ಕೆಳಗೆ ಹಂಡೆ, ಬಕೆಟ್ಟು ಇಟ್ಟು ನೀರು ಹಿಡಿದಳು. ಧನುರ್ಮಾಸದಲ್ಲಿ ಮಂಜುಗಡ್ಡೆ ತರಿಸಿ, ಗೋಣಿಯಲ್ಲಿ ಸುತ್ತಿ ಬುಡಕ್ಕಿಟ್ಟಳು. ಕಾಫಿ ಗಷ್ಟನ್ನು ಒಂದು ದಿನವೂ ಚೆಲ್ಲದೆ ಗಿಡಕ್ಕೇ ಹಾಕಿದಳು. ಈ ವರ್ಷ ಪುಟ್ಟ ಗಂಟೆಯಂಥ ಬಿಳಿ ಹೂ ಬಂದು ಹನ್ನೊಂದು ಕಾಯಿ ನಿಂತವು.

ಶನಿವಾರ ವಿಶ್ವವಿದ್ಯಾಲಯದ ದೊಡ್ಡವರು ನಾಲ್ವರು ಕಾಫಿಗೆ ಬರುವವರಿದ್ದರು. ತಲೆಗೆ ಎರಡೆರಡು ಹಣ್ಣು, ಉಳಿದ ಮೂರು ಸ್ಪಿರಿಟ್ಟು ತುಂಬಿದ ಸೀಸೆಗೆ. ರಾಮಸ್ವಾಮಿ ಹೇಳುತ್ತಾ ಹೋದಂತೆ ಚಂದ್ರಮತಿ ಹುರುಳಿಕಾಯಿ ಹೆಚ್ಚುತ್ತಾ ಕೇಳಿಸಿಕೊಂಡಿದ್ದಳು. ಲೆಕ್ಕ ಸರಿಯಾಗಿಯೇ ಇತ್ತು. ಅದರಲ್ಲಿ ಅವಳಿರಲಿಲ್ಲ.

ಬೆಳಿಗ್ಗೆ ಪೂಜೆಗೆ ಹೂ ಬಿಡಿಸಲು ಹೋದವಳು ಗಿಡಕ್ಕೆ ಹೊದಿಸಿದ್ದ ಬಲೆ ಎತ್ತಿ ಒಂದನ್ನು ಕಿತ್ತು ಬಾಯಿಗೆ ಹಾಕಿಕೊಂಡಿದ್ದಳು. ಯೋಚಿಸಿ ಮಾಡಿದ್ದಲ್ಲ. ಒಂದು ಚೂರು ಹುಳಿ, ಆಮೇಲೆ ಸಪ್ಪೆ. ಇದಕ್ಕಾ ಆರು ವರ್ಷ, ಎನ್ನಿಸಿತ್ತು.

“ಬಲೆ ಇದೆ, ಹಕ್ಕಿ ಬರೋ ಹಾಗಿಲ್ಲ. ಬೆಳಿಗ್ಗೆ ನೀರು ಹಾಕಿದವನು ನೀನು. ನಿಜ ಹೇಳಿಬಿಡು ನಿಂಗಯ್ಯ.”

“ನಾನು ಮುಟ್ನಿಲ್ಲ ಬುದ್ಧೀ.”

“ಮತ್ತೆ ಯಾರು ಮುಟ್ಟಿದ್ದು?”

ನಿಂಗಯ್ಯ ತಲೆಯೆತ್ತಿ ಹಿಂಬಾಗಿಲ ಕಡೆ ಒಂದು ಸಲ ನೋಡಿದ. ಚಂದ್ರಮತಿ ಸೆರಗಿಗೆ ಬೆರಳು ಒರೆಸಿಕೊಂಡಳು. ನಾನೇ ತಿಂದೆ ಎನ್ನಲು ಎರಡು ಮಾತು ಸಾಕಿತ್ತು. ಮೂವತ್ತು ವರ್ಷದಲ್ಲಿ ಗಂಡ ಅವಳ ಮೇಲೆ ಕೈಯೆತ್ತಿದವರಲ್ಲ. ಆದರೆ ಬಂದವರೆದುರೆಲ್ಲ ಹೇಳಿ ನಗುತ್ತಾರೆ: ನಮ್ಮವಳು ಪ್ರಯೋಗವನ್ನೇ ನುಂಗಿಬಿಟ್ಟಳು ಎಂದು. ಮದುವೆಯಾದ ಹೊಸತರಲ್ಲಿ ಅವಳು ಸಕ್ಕರೆಯೆಂದು ಪಾಯಸಕ್ಕೆ ಉಪ್ಪು ಸುರಿದ ಕಥೆ ಹಜಾರದಲ್ಲಿ ಇಂದಿಗೂ ನಡೆಯುತ್ತಿತ್ತು.

ಅವಳು ಒಲೆಯ ಕಡೆ ತಿರುಗಿದಳು.

“ನಂಗೊತ್ತಿಲ್ಲ ಬುದ್ಧೀ,” ಎಂದ ನಿಂಗಯ್ಯ, ನೆಲ ನೋಡುತ್ತಾ.

“ನಾಳೆಯಿಂದ ಬರಬೇಡ.”

ಶನಿವಾರ ದೊಡ್ಡವರು ಬಂದರು, ಹಣ್ಣು ತಿಂದರು, ಬೆನ್ನು ತಟ್ಟಿದರು. ಸೀಸೆಯಲ್ಲಿ ಎರಡೇ ಯಾಕೆ ಎಂದು ಒಬ್ಬರು ಕೇಳಿದ್ದಕ್ಕೆ ರಾಮಸ್ವಾಮಿ ಮಾಲಿಯ ಕಳ್ಳತನದ ಕಥೆಯನ್ನು ರಸವತ್ತಾಗಿ ಹೇಳಿದರು. ಕಥೆ ಬೀದಿಯಿಂದ ಬೀದಿಗೆ ಹೋಯಿತು. ಜಯಲಕ್ಷ್ಮಿಪುರಂನ ಯಾವ ತೋಟದಲ್ಲೂ ನಿಂಗಯ್ಯನಿಗೆ ಕೆಲಸ ಸಿಗಲಿಲ್ಲ.

ಮೂರು ತಿಂಗಳಿಗೆ ಗಿಡದ ಎಲೆಯಂಚು ಸುಟ್ಟಂತಾಗಿ ರೆಂಬೆಗಳು ತುದಿಯಿಂದ ಒಣಗತೊಡಗಿದವು. ರಾಮಸ್ವಾಮಿ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದರು. ಕೊನೆಗೊಂದು ಬೆಳಿಗ್ಗೆ, “ಅವನನ್ನೇ ಕರೆಸಬೇಕು ಕಣೇ. ನಾನು ಕ್ಷಮಿಸಿದ್ದೀನಿ ಅಂತ ಹೇಳು. ನೀನು ಹೋದರೆ ಇಲ್ಲ ಅನ್ನಲ್ಲ,” ಎಂದರು.

ಪಡುವಾರಹಳ್ಳಿಯವರೆಗೂ ಚಂದ್ರಮತಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ನಡೆದಳು: ತಪ್ಪು ನನ್ನದು, ನಾನೇ ತಿಂದದ್ದು, ಎಲ್ಲರೆದುರೂ ಹೇಳುತ್ತೇನೆ. ನಿಂಗಯ್ಯ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಬೆಟ್ಟಮ್ಮ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ಎದ್ದು ಚಾಪೆ ಹಾಸಿದಳು. ಚಂದ್ರಮತಿ ಕೂತಳು, ಗಂಟಲು ಸರಿಮಾಡಿಕೊಂಡಳು.

“ನಮ್ಮ ಯಜಮಾನರು ಕ್ಷಮಿಸಿದ್ದಾರೆ ಕಣಮ್ಮ. ನಿಂಗಯ್ಯ ಮತ್ತೆ ಬರಬಹುದಂತೆ.”

ಬಾಯಿಂದ ಬಂದದ್ದು ಅದು. ಬೆಟ್ಟಮ್ಮನ ಕೈಯಲ್ಲಿ ಮೊರ ನಿಂತಿತು.

“ನೀವು ಬಲೆ ಎತ್ತಿದ್ನ ನಮ್ಮನೆಯವ್ರು ನೋಡುದ್ರಂತೆ ಅಮ್ಮಾವ್ರೆ. ಅವತ್ತೇ ಯೋಳುದ್ರು ನಂಗೆ. ‘ಇವತ್ತಲ್ಲ ನಾಳೆ ಅಮ್ಮಾವ್ರೇ ಯೋಳ್ತಾರೆ, ನೀನು ಸುಮ್ಕಿರು’ ಅಂದ್ಬುಟ್ರು. ಎಂಟು ದಿನ ಎಲ್ಲೂ ಕೆಲ್ಸ ಕೇಳಕ್ಕೂ ಓಗ್ನಿಲ್ಲ. ನೀವು ಯೋಳಿ ಕಳುಸ್ತೀರ ಅಂತ ಈ ಬಾಗ್ಲಲ್ಲೇ ಕುಂತಿದ್ರು.”

ಮಾತಿನಲ್ಲಿ ಸಿಟ್ಟಿರಲಿಲ್ಲ. ಅವಳು ಮತ್ತೆ ರಾಗಿ ಕೇರತೊಡಗಿದಳು. ಚಂದ್ರಮತಿ ಎದ್ದಾಗ, ಮುತ್ತೈದೆಯನ್ನು ಹಾಗೇ ಕಳಿಸಬಾರದೆಂದು ಒಳಗಿಂದ ಕುಂಕುಮದ ಬಟ್ಟಲು ತಂದು ಹಿಡಿದಳು. ಚಂದ್ರಮತಿ ಇಟ್ಟುಕೊಂಡಳು. ಕುಂಕುಮ ಮೂಗಿನ ಮೇಲೆ ಉದುರಿತು.

ಬರುವ ದಾರಿಯಲ್ಲಿ ಹೊಸ ರಸ್ತೆ ಹಾಕುತ್ತಿದ್ದರು. ಬಿಸಿಲಲ್ಲಿ ಜಲ್ಲಿ ಒಡೆಯುತ್ತಿದ್ದವರ ಸಾಲಿನ ಕೊನೆಯವನು ಅವಳನ್ನು ಕಂಡು ಸುತ್ತಿಗೆ ಕೆಳಗಿಟ್ಟು ಎದ್ದು ನಿಂತ. ಹುಬ್ಬಿನ ಮೇಲೆಲ್ಲ ಕಲ್ಲಿನ ಧೂಳು.

“ಚೆಂದಾಕಿದ್ದೀರಾ ಅಮ್ಮಾವ್ರೆ?”

ಅವಳು ತಲೆಯಾಡಿಸಿದಳು.

“ಗಿಡ ಎಂಗದೆ?”

“ಚೆನ್ನಾಗಿದೆ ನಿಂಗಯ್ಯ,” ಎಂದಳು ಚಂದ್ರಮತಿ.

“ಅಷ್ಟಾದ್ರೆ ಸಾಕು,” ಎಂದ ಅವನು, ಅವಳು ದಾಟಿ ಹೋಗಲೆಂದು ದಾರಿ ಬಿಟ್ಟು ನಿಂತ. ಅವಳು ತಿರುವು ಮುಟ್ಟುವವರೆಗೂ ಹಿಂದೆ ಒಂದು ಸುತ್ತಿಗೆ ಸುಮ್ಮನಿತ್ತು. ಆಮೇಲೆ ಅದೂ ಉಳಿದವುಗಳ ಜೊತೆ ಸೇರಿಕೊಂಡಿತು.