ಕೆಂಪು ತಂತಿ, ಹಸಿರು ತಂತಿ

೧

ಎಲ್ಲಿಂದ ಶುರು ಮಾಡಲಿ? ‘ಟೈಲರಮ್ಮನ ಮನೆಯಲ್ಲಿ ಮೌನ ಹೆಪ್ಪುಗಟ್ಟಿತ್ತು’ ಎಂದು ಬರೆದೆ. ಓದಿ ನನಗೇ ನಗು ಬಂತು. ಹೆಪ್ಪುಗಟ್ಟಲು ಅದೇನು ಹಾಲೇ? ಹೊಡೆದುಹಾಕಿದೆ. ‘ಆ ಸಂಜೆ ಸಂಗೀತ ಸತ್ತಿತು’ ಎಂದು ಬರೆದೆ. ಅದಂತೂ ಇನ್ನೂ ದರಿದ್ರವಾಗಿತ್ತು.

ಕೊನೆಗೆ ಟೈಲರಮ್ಮನೇ ಬಾಯಿ ಹಾಕಿದರು.

“ಧೂಳು ಒರೆಸ್ತಾ ಇದ್ದೆ. ಬಟ್ಟೆ ಸಿಕ್ಕಿಹಾಕ್ಕೊಂಡು ರೆಕಾರ್ಡ್ ಪ್ಲೇಯರಿನ ಮುಳ್ಳು ಮುರೀತು. ಇಷ್ಟು ಹೇಳೋಕೆ ಅದೇನು ಒದ್ದಾಟ ನಿಮ್ಮದು?”

ಆಯಿತು, ಅವರು ಹೇಳಿದ ಹಾಗೇ ಆಗಲಿ.

೨

ಬೀದಿಯ ಅರ್ಧ ಜನರ ಅಳತೆ ಟೈಲರಮ್ಮನಿಗೆ ಬಾಯಿಪಾಠ. ಅವರ ಯಜಮಾನರು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಹೋದ ವರ್ಷ ತೀರಿಕೊಂಡರು.

(ಕಥೆ ಶುರುವಾಗುವ ಮೊದಲೇ ಒಬ್ಬರನ್ನು ಸಾಯಿಸುವುದು ಕಥೆಗಾರರ ಸೋಮಾರಿತನ, ಗೊತ್ತು. ಅವರನ್ನು ಬದುಕಿಸಿ ಒಂದು ಡ್ರಾಫ್ಟ್ ಬರೆದು ನೋಡಿದೆ. ಅದರಲ್ಲಿ ಅವರು ಕನ್ನಡಕ ಏರಿಸಿಕೊಂಡು ತಾವೇ ರಿಪೇರಿಗೆ ಕೂತುಬಿಟ್ಟರು, ಕಥೆ ಮುಂದಕ್ಕೇ ಹೋಗಲಿಲ್ಲ. ಆದರೂ ಆ ಡ್ರಾಫ್ಟನ್ನು ಹರಿದುಹಾಕಲು ಮನಸ್ಸು ಬಂದಿಲ್ಲ.)

ದಿನಾ ಸಂಜೆ ಯಜಮಾನರು ಒಂದೇ ಪ್ಲೇಟು ಹಾಕುತ್ತಿದ್ದರು. ಯಾರೋ ಒಬ್ಬ ಗಂಡಸು ನಿಧಾನವಾಗಿ ಹಾಡುವ ಹಾಡು. ಟೈಲರಮ್ಮ ಅತ್ತ ಬೆನ್ನು ಹಾಕಿ ಮಿಶಿನ್ ತುಳಿಯುತ್ತಾ ಕೇಳುತ್ತಿದ್ದರು. ಅವರು ಹೋದ ಮೇಲೆ ಟೈಲರಮ್ಮನೇ ದಿನಾ ಹಾಕಿ, ಹಾಗೇ ಬೆನ್ನು ಹಾಕಿ ಕೂರುತ್ತಿದ್ದರು. ಆ ಹಾಡು ಮುಗಿಯುವವರೆಗೆ ಮನೆ ಮೊದಲಿನ ಹಾಗೇ ಇರುತ್ತಿತ್ತು. ಈಗ ಅದೂ ಹೋಯಿತು, ಅದೂ ಅವರದೇ ಕೈಯಿಂದ.

೩

ರಿಪೇರಿಯವಳು ಬಂದಳು. ಚಿಕ್ಕ ವಯಸ್ಸು, ಚುರುಕು ಕೈ. ಮುಳ್ಳನ್ನು ಹಿಡಿದಿರುವ ಬೆರಳ ತುದಿಯಷ್ಟು ಡಬ್ಬಿಗೆ ಕಾರ್ಟ್ರಿಜ್ ಅನ್ನುತ್ತಾರೆ. ಹಳೆಯದಕ್ಕೆ ಮುಳ್ಳು ಈಗ ಸಿಗುವುದಿಲ್ಲ, ಡಬ್ಬಿಯನ್ನೇ ಬದಲಾಯಿಸಬೇಕು ಎಂದಳು. ಅದರ ಬೆನ್ನಿಗೆ ದಾರದೆಳೆಯಂಥ ನಾಲ್ಕು ತಂತಿ: ಬಿಳಿ, ನೀಲಿ, ಕೆಂಪು, ಹಸಿರು.

“ಅಮ್ಮಾ, ಇದನ್ನ ಯಾರು ಹಾಕಿದ್ದು? ಕೆಂಪು ಹಸಿರು ಅದಲುಬದಲಾಗಿದೆ.”

“ನಮ್ಮನೆಯವ್ರು.”

“ಇಷ್ಟು ವರ್ಷ ಹೀಗೇ ಕೇಳಿದ್ರಾ? ಇರಲಿ, ಸರಿಮಾಡಿದೀನಿ. ಈಗ ಕೇಳಿ.”

ಹಾಡು ಬಂತು. ಸ್ಪಷ್ಟವಾಗಿ, ತುಂಬು ದನಿಯಲ್ಲಿ, ಎರಡು ಸ್ಪೀಕರುಗಳ ನಟ್ಟನಡುವೆ. ಟೈಲರಮ್ಮ ಮಿಶಿನ್ ನಿಲ್ಲಿಸಿ ತಿರುಗಿದರು.

“ಇದು ನಮ್ಮ ಹಾಡಲ್ಲ ಕಣಮ್ಮ.”

“ಅದೇ ಪ್ಲೇಟು ಅಮ್ಮಾ.”

“ಇವನು ನೆಂಟರ ಹಾಗೆ ಒಂದೇ ಕಡೆ ನಿಂತ್ಕೊಂಡು ಹಾಡ್ತಾನೆ. ನಮ್ಮನೇಲಿ ಅವನು ಎಲ್ಲಿದಾನೆ ಅಂತಾನೇ ಗೊತ್ತಾಗ್ತಿರಲಿಲ್ಲ. ಬೆನ್ನ ಹಿಂದೆ, ಬಾಗಿಲ ಹತ್ರ, ಮಿಶಿನ್ ಪಕ್ಕ, ಎಲ್ಲಾ ಕಡೆ ಇರ್ತಿದ್ದ.”

“ಅದು ತಂತಿ ತಪ್ಪಿದ್ದಕ್ಕೆ. ಎರಡು ಸ್ಪೀಕರ್ ಒಂದಕ್ಕೊಂದು ಉಲ್ಟಾ ಕೆಲಸ ಮಾಡಿದ್ರೆ ದನಿ ಹಾಗೆ ಚೆಲ್ಲಾಪಿಲ್ಲಿ ಆಗುತ್ತೆ.”

“ಹಾಗಿದ್ರೆ ತಪ್ಪಾಗೇ ಹಾಕಿಕೊಡು.”

“ಗೊತ್ತಿದ್ದೂ ತಪ್ಪು ಮಾಡೋಕೆ ಕೈ ಏಳಲ್ಲ ಅಮ್ಮಾ. ನೀವು ಗೊತ್ತಿದ್ದೂ ಒಂದು ತೋಳು ಉದ್ದ, ಒಂದು ಗಿಡ್ಡ ಹೊಲೀತೀರಾ?”

“ಹೊಲೀತೀನಿ. ಒಂದು ಭುಜ ಇಳಿದಿರೋರಿಗೆ ಹಾಗೇ ಹೊಲೀಬೇಕು.”

(ಈ ಮಾತು ನನ್ನದಲ್ಲ. ನಾನಾಗಿದ್ದರೆ ಇಲ್ಲಿ ಅವರ ಕಣ್ಣಲ್ಲಿ ನೀರು ತರಿಸುತ್ತಿದ್ದೆ.)

೪

ಯಜಮಾನರು ಯಾಕೆ ತಪ್ಪಾಗಿ ಹಾಕಿದರು? ಹೆಂಡತಿಯ ಸುತ್ತಲೂ ಹಾಡು ಇರಲಿ ಎಂದು ಬೇಕಂತಲೇ ಮಾಡಿದ್ದರು ಎಂದು ಒಂದು ಪ್ಯಾರಾ ಬರೆದೆ. ಚೆನ್ನಾಗಿಯೇ ಬಂದಿತ್ತು.

“ಅಯ್ಯೋ, ಅಷ್ಟೆಲ್ಲ ಇಲ್ಲ ಸುಮ್ನಿರಿ,” ಅಂದರು ಟೈಲರಮ್ಮ. “ಅವರಿಗೆ ಕೆಂಪು ಯಾವುದು ಹಸಿರು ಯಾವುದು ಗೊತ್ತಾಗ್ತಿರಲಿಲ್ಲ. ಹುಟ್ಟಿನಿಂದ ಹಾಗೇ.”

ಸ್ಕೂಟರಿನಲ್ಲಿ ಹೋಗುವಾಗ ಸಿಗ್ನಲ್ ಬಂದರೆ ಹಿಂದೆ ಕೂತ ಟೈಲರಮ್ಮ “ಹಸಿರು ಬಂತು ರೀ, ಹೊರಡಿ” ಅನ್ನುತ್ತಿದ್ದರು. ಮೇಲಿನ ದೀಪ ನಿಲ್ಲುವುದಕ್ಕೆ, ಕೆಳಗಿನದು ಹೊರಡುವುದಕ್ಕೆ ಎಂದು ಯಜಮಾನರಿಗೆ ಗೊತ್ತಿಲ್ಲದೆ ಏನಿರಲಿಲ್ಲ. ಆದರೂ ಆಕೆ ಹೇಳುವವರೆಗೆ ಹೊರಡುತ್ತಿರಲಿಲ್ಲ.

“ಕಾರ್ಟ್ರಿಜ್ ಹಾಕಿದ ದಿನ ನಾನು ಬಟ್ಟೆ ಕೊಡೋಕೆ ಹೋಗಿದ್ದೆ. ಬರೋ ಹೊತ್ತಿಗೆ ಹಾಡು ಕೇಳಿಸಬೇಕು ಅಂತ ಒಬ್ರೇ ಕೂತು ಹಾಕಿದ್ರು. ಪಕ್ಕದಲ್ಲಿದ್ದು ಹೇಳೋಕೆ ನಾನಿರಲಿಲ್ಲ.”

ನನ್ನ ಪ್ಯಾರಾ ಹೊಡೆದುಹಾಕಿದೆ.

೫

ಮುಕ್ತಾಯ ಒಂದು: ರಿಪೇರಿಯವಳ ಮನಸ್ಸು ಕರಗುತ್ತದೆ, ತಂತಿ ಅದಲುಬದಲು ಮಾಡುತ್ತಾಳೆ. “ಪಾಪ, ಅವಳ ಕೈಯಲ್ಲಿ ಯಾಕೆ ತಪ್ಪು ಮಾಡಿಸ್ತೀರಿ?” ಅಂದರು ಟೈಲರಮ್ಮ.

ಮುಕ್ತಾಯ ಎರಡು: ಟೈಲರಮ್ಮ ಸರಿಯಾದ ಹಾಡಿಗೆ ಒಗ್ಗಿಕೊಳ್ಳುತ್ತಾರೆ, ಬದುಕು ಮುಂದೆ ಸಾಗುತ್ತದೆ. “ನನಗೇ ಬುದ್ಧಿ ಹೇಳೋಕೆ ಹೊರಟ್ರಾ?”

ಮುಕ್ತಾಯ ಮೂರು. ಇದನ್ನು ಅಳುಕುತ್ತಲೇ ಹೇಳಿದೆ. ಹರಿಯದೆ ಇಟ್ಟಿರುವ ಆ ಡ್ರಾಫ್ಟಿನಿಂದ ಯಜಮಾನರು ಎದ್ದು ಬಂದು, ತಾವೇ ತಂತಿ ಹಾಕುತ್ತಾರೆ.

ಟೈಲರಮ್ಮ ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟರು.

“ಅದನ್ನ ಹರೀಬೇಡಿ,” ಅಂದರು. “ಆದ್ರೆ ಅವರನ್ನ ಇಲ್ಲಿಗೆ ಕರ್ಕೊಂಡು ಬರಬೇಡಿ. ಇನ್ನೊಂದು ಸಲ ಕಳಿಸಿಕೊಡೋಕೆ ನನ್ನಿಂದ ಆಗಲ್ಲ.”

೬

ಇಲ್ಲಿಂದ ಮುಂದೆ ಅವರು ನನ್ನನ್ನು ಕೇಳಲಿಲ್ಲ.

“ನೀನು ತಪ್ಪು ಮಾಡಬೇಡ ಕಣಮ್ಮ. ಆ ಎರಡು ತಂತಿ ಬಿಚ್ಚಿ ಕೊಡು, ನಾನೇ ಹಾಕ್ತೀನಿ.”

ರಿಪೇರಿಯವಳು ಕೆಂಪು, ಹಸಿರು ತಂತಿ ಬಿಚ್ಚಿ ಚಿಮಟ ಕೊಟ್ಟಳು. ಟೈಲರಮ್ಮ ಬಗ್ಗಿದರು. ಒಂದೇ ಕೆಂಪಿನಲ್ಲಿ ಹತ್ತು ಕೆಂಪು ಗುರುತಿಸಿ ದಾರ ಹೊಂದಿಸುವ ಕಣ್ಣು ಅವರದು. ಎರಡು ತಂತಿಯೂ ಢಾಳಾಗಿ ಕಂಡವು. ಯಜಮಾನರು ಗೊತ್ತಿಲ್ಲದೆ ಹಾಕಿದ್ದನ್ನು ಗೊತ್ತಿದ್ದೂ ಹಾಕಲು ಅವರ ಕೈ ಮುಂದೆ ಹೋಗಲಿಲ್ಲ.

ಎದ್ದು ಹೋಗಿ ಕಿಟಕಿಯ ಪರದೆ ಎಳೆದರು. ಸಂಜೆಯ ಬೆಳಕು ಅಷ್ಟಕ್ಕಷ್ಟೇ ಇತ್ತು, ಕೋಣೆ ಮಬ್ಬಾಯಿತು.

“ಲೈಟ್ ಹಾಕ್ಲಾ ಅಮ್ಮಾ?”

“ಬೇಡ.”

ಮತ್ತೆ ಬಗ್ಗಿದರು. ತಂತಿಗಳು ಕಂಡವು, ಬಣ್ಣ ಮಾತ್ರ ಇಲ್ಲ. ಎರಡೂ ಒಂದೇ ಬೂದು.

“ಅವರಿಗೆ ಹೀಗೆ ಕಾಣ್ತಿತ್ತಾ,” ಅಂದರು. ಆಗ ಅತ್ತರು, ನಾನು ಬರೆಯದೆಯೇ. ಅಳುತ್ತಲೇ ಒಂದು ತಂತಿ ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ ಸಿಕ್ಕಿಸಿದರು. ರಿಪೇರಿಯವಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

ಕೆಂಪು ಎಲ್ಲಿಗೆ ಹೋಯಿತು? ಹಳೆಯ ತಪ್ಪೇ ಆಯಿತೇ, ಸರಿಯಾಯಿತೇ? ದೀಪ ಹಾಕಿ ನೋಡಿದರೆ ಮುಗಿಯಿತು, ಕಥೆ ನನ್ನದೇ ತಾನೆ. ಸ್ವಿಚ್ಚಿನ ಹತ್ತಿರ ಹೋದೆ ಕೂಡ.

“ಮುಟ್ಟಬೇಡಿ,” ಅಂದರು ಟೈಲರಮ್ಮ, ತಿರುಗಿಯೂ ನೋಡದೆ.

ಪ್ಲೇಟು ತಿರುಗತೊಡಗಿತು. ಅವರು ಮುಳ್ಳನ್ನು ಅದರ ಅಂಚಿನ ಮೇಲೆ ತಂದು ಹಿಡಿದರು. ಯಾರಿಗೋ ಕಿವಿಯಲ್ಲಿ ಹೇಳುವಷ್ಟು ಮೆಲ್ಲಗೆ, “ಹಸಿರು ಬಂತು ರೀ, ಹೊರಡಿ,” ಅಂದು ಕೆಳಗಿಳಿಸಿದರು. ಆಮೇಲೆ ಮಿಶಿನ್ ಮುಂದೆ ಹೋಗಿ, ಬೆನ್ನು ಹಾಕಿ ಕೂತರು.

ಹಾಡಿಗೆ ಮುಂಚಿನ ಚರಚರ ಸದ್ದು ಬರುತ್ತಿದೆ. ಹಾಡುವವನು ಇನ್ನೂ ಬಾಯಿ ತೆರೆದಿಲ್ಲ. ನಾನು ಸ್ವಿಚ್ಚಿನಿಂದ ಕೈ ತೆಗೆದಿದ್ದೇನೆ.