ತನ್ವಂಗಿಯ ಆಳಂದ ಶಾಖೆ

ಶಾಖೆಯ ವಾರ್ಷಿಕೋತ್ಸವಕ್ಕೆ ಇನ್ನೂ ಕೆಲವು ತಿಂಗಳಿರುವಾಗಲೇ ಅಜಯಕುಮಾರ ಕಲಬುರ್ಗಿಯಿಂದ ಆಳಂದಕ್ಕೆ ಬಂದ. ಹೆಂಗಸರ ವ್ಯಾಯಾಮ ಶಾಲೆಗಳನ್ನು ನಡೆಸುವ ‘ತನ್ವಂಗಿ’ ಕಂಪನಿಯ ಈ ಭಾಗದ ಶಾಖೆಗಳೆಲ್ಲ ಅವನ ಉಸ್ತುವಾರಿಯಲ್ಲಿದ್ದವು. ಆಳಂದದ ಶಾಖೆ ನಡೆಸುವ ಜಸ್ಮೀನಳ ಎದುರು ಕೂತು, ಚಹಾ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ಹೇಳಬೇಕೆಂದು ಬಂದದ್ದನ್ನು ಹೇಳಿದ. ಬೇರೆ ಊರುಗಳಲ್ಲಿ ಹೆಂಗಸರಿಗೆ ವ್ಯಾಯಾಮ ಕಲಿಸುವವರೆಲ್ಲ ನೋಡಲು ತೆಳ್ಳಗಿದ್ದಾರೆ. ಆಳಂದದಲ್ಲಿ ಮಾತ್ರ ಹಾಗಿಲ್ಲ. ಮೇಡಮ್ ಕೂಡ ಎರಡು ಹೊತ್ತಿನ ಊಟ ಬಿಟ್ಟು ಕಂಪನಿಯ ಪೌಡರ್ ಕುಡಿದರೆ ಸಮಾರಂಭದ ಹೊತ್ತಿಗೆ ವೇದಿಕೆಯ ಮೇಲೆ ಚೆನ್ನಾಗಿ ಕಾಣುತ್ತಾರೆ.

ಜಸ್ಮೀನ ಬೇಜಾರು ಮಾಡಿಕೊಳ್ಳಲಿಲ್ಲ. ಅವಳದು ಅಗಲ ಭುಜದ, ಗಟ್ಟಿಮುಟ್ಟಾದ ಮೈ. ಕಾಲೇಜಿನಲ್ಲಿದ್ದಾಗ ಗುಂಡು ಎಸೆತದಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿದ್ದವಳು. ನಲವತ್ತು ಹತ್ತಿರವಾದರೂ ತೊಗರಿಯ ಚೀಲವನ್ನು ಒಬ್ಬಳೇ ಎತ್ತಿ ಗಾಡಿಗೆ ಹಾಕಬಲ್ಲಳು. ನಾನು ತೆಳ್ಳಗಾದರೆ ಈ ಮಷೀನುಗಳನ್ನು ಸರಿಸಿ ಕಸ ಹೊಡೆಯುವವರು ಯಾರು ಎಂದು ಕೇಳಿ ನಕ್ಕುಬಿಟ್ಟಳು. ಅಜಯಕುಮಾರನೂ ನಕ್ಕ. ಆದರೂ ಹೋಗುವಾಗ ಅವಳಿಗೆಂದೇ ಒಂದು ಪೌಡರ್ ಡಬ್ಬಿ ಮೇಜಿನ ಮೇಲೆ ಇಟ್ಟು ಹೋದ.

ಶಾಖೆ ಇದ್ದದ್ದು ಬಸ್ ಸ್ಟ್ಯಾಂಡಿನ ಹತ್ತಿರದ ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ಕಿಟಕಿಗಳಿಗೆ ದಪ್ಪ ಪರದೆ. ಗಂಡಸರಿಗೆ ಪ್ರವೇಶವಿಲ್ಲ. ಬಂದವರು ಬುರ್ಖಾ ತೆಗೆದು ಗೂಟಕ್ಕೆ ತೂಗುಹಾಕಿ, ಸೀರೆಯವರು ಸೆರಗು ಬಿಗಿದು, ದುಂಡಗೆ ಜೋಡಿಸಿದ ಮಷೀನುಗಳ ಮೇಲೆ ಒಂದಾದ ಮೇಲೊಂದರಂತೆ ಕೈಕಾಲು ಆಡಿಸುತ್ತಿದ್ದರು. ಮುಗಿದ ಮೇಲೆ ತೂಕದ ಯಂತ್ರ ಹತ್ತಬೇಕು. ತೂಕ ಇಳಿದಿದ್ದರೆ ಎಲ್ಲರೂ ಚಪ್ಪಾಳೆ ತಟ್ಟಬೇಕು. ಇಳಿಯದಿದ್ದರೆ ಪೌಡರಿನ ಕೋರ್ಸ್ ತಗೊಳ್ಳಿ ಎಂದು ಹೇಳಬೇಕು. ಇದು ಕಂಪನಿಯ ಪದ್ಧತಿ.

ಜಸ್ಮೀನ ಆ ಪದ್ಧತಿಯನ್ನು ಮನಸಾರೆ ನಂಬಿದ್ದಳು. ಶಾಖೆ ತೆರೆಯುವುದಕ್ಕೆ ಮುಂಚೆ ಆಳಂದದಲ್ಲಿ ಹೆಣ್ಣುಮಗಳೊಬ್ಬಳು ಕೈ ಬೀಸಿ ನಡೆಯಲಿಕ್ಕೂ ಒಂದು ಜಾಗವಿರಲಿಲ್ಲ. ರಸ್ತೆಯಲ್ಲಿ ನಡೆದರೆ ನೂರು ಕಣ್ಣು. ಅತ್ತೆ ಪ್ಯಾರಿಬಿ ಸಕ್ಕರೆ ಕಾಯಿಲೆ ಬಂದ ಮೇಲೆ ಮಂಚ ಬಿಟ್ಟು ಇಳಿಯುತ್ತಲೇ ಇರಲಿಲ್ಲ. ಅವರ ಸಲುವಾಗಿಯೇ ಇಂಥದ್ದೊಂದು ಬೇಕು ಎಂದು ಜಸ್ಮೀನ ಹಟ ಹಿಡಿದಾಗ, ಬ್ಯಾಟರಿ, ಟೈರುಗಳ ಅಂಗಡಿ ನಡೆಸುವ ಗಂಡ ಮುಕ್ರಮ ಬೇಡವೆನ್ನಲಿಲ್ಲ. ಶಾಖೆ ತೆರೆದ ದಿನ ಮೊದಲ ಮಷೀನಿನ ಮೇಲೆ ಕೂತವರೂ ಪ್ಯಾರಿಬಿಯೇ.

ಶಾಖೆಗೆ ಹೆಸರು ತಂದುಕೊಟ್ಟವಳು ಭೂಸನೂರಿನ ಭಾಗಮ್ಮ. ಹಿಂದೊಮ್ಮೆ ಪಂಚಾಯ್ತಿ ಅಧ್ಯಕ್ಷೆಯಾಗಿದ್ದವಳು, ಮಾತಿನಲ್ಲಿ ಗಟ್ಟಿಗಿತ್ತಿ. ಮೊಣಕಾಲು ನೋವೆಂದು ಬಂದವಳು ತೂಕದ ಯಂತ್ರ ಹತ್ತಿದ ಮೇಲೆ ನೋವಿನ ಮಾತು ಬಿಟ್ಟು ಕಿಲೋಗಳ ಮಾತು ಹಿಡಿದಳು. ಕೋರ್ಸ್ ತಗೊಂಡು, ರೊಟ್ಟಿ ಬಿಟ್ಟು, ಒಂದೇ ಬೇಸಿಗೆಯಲ್ಲಿ ಗುರುತು ಸಿಗದಷ್ಟು ಇಳಿದಳು. ಕಂಪನಿ ಅವಳ ಹಿಂದಿನ ಫೋಟೋ, ಈಗಿನ ಫೋಟೋ ಅಕ್ಕಪಕ್ಕ ಹಾಕಿ ಬಸ್ ಸ್ಟ್ಯಾಂಡಿನ ಎದುರು ದೊಡ್ಡ ಬ್ಯಾನರ್ ಕಟ್ಟಿಸಿತು. ಹಿರೋಳ್ಳಿಯ ಕಡೆಯಿಂದ ಸಂತೆಗೆ ಬಂದ ಹೆಂಗಸರು ಕೂಡ ಬ್ಯಾನರ್ ನೋಡಿ ಮಾಳಿಗೆ ಹತ್ತಿ, ನಮಗೂ ಹಂಗೇ ಮಾಡಿಕೊಡಿ ಎಂದು ಕೇಳಿದರು.

ಮಳೆಗಾಲ ಮುಗಿಯುವಷ್ಟರಲ್ಲಿ ಭಾಗಮ್ಮ ಬರುವುದು ನಿಂತಿತು. ಫೋನ್ ಮಾಡಿದರೆ ಎತ್ತಲಿಲ್ಲ. ಒಂದು ಶುಕ್ರವಾರ ಶಾಖೆಗೆ ರಜೆಯಿದ್ದಾಗ ಜಸ್ಮೀನ ಭೂಸನೂರಿನ ಬಸ್ಸು ಹತ್ತಿದಳು.

ಸಕ್ಕರೆ ಫ್ಯಾಕ್ಟರಿ ಶುರುವಾಗಿ ಊರ ತುಂಬ ಕಾಕಂಬಿಯ ವಾಸನೆ. ಕಬ್ಬಿನ ಟ್ರ್ಯಾಕ್ಟರುಗಳ ಸಾಲು ದಾಟಿ ಮನೆ ಮುಟ್ಟಿದರೆ, ಭಾಗಮ್ಮ ಬಾಗಿಲು ತೆರೆದವಳು ಅರ್ಧ ಕದದ ಹಿಂದೆಯೇ ನಿಂತಳು. ಒಳಗೆ ಕರೆದು ತಾಟು ಹಾಕಿ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ತಾನು ಮಾತ್ರ ಕೂರಲಿಲ್ಲ. ನೀವೂ ಉಣ್ಣಬೇಕು ಎಂದು ಜಸ್ಮೀನ ಒತ್ತಾಯ ಮಾಡಿದಾಗ ಅವಳ ಕಣ್ಣು ತುಂಬಿ ಬಂದವು.

“ನಿಮ್ಮ ಮುಂದ ರೊಟ್ಟಿ ಹೆಂಗ ತಿನ್ನಲ್ರಿ ಮೇಡಮ್? ಇಳಿದಿದ್ದೆಲ್ಲ ತಿರುಗಿ ಬಂದದ. ಮ್ಯಾಲ ಇನ್ನೊಂದಿಷ್ಟು ಬಂದದ. ಊರಾಗ ಬ್ಯಾನರ್‌ನಾಗಿನ ಭಾಗಮ್ಮ ಎಲ್ಲಿ ಹೋದ್ಲು ಅಂತ ಕೇಳಾಕತ್ತಾರ. ತಪ್ಪು ನಂದೇ ಅದ. ನನಗ ಬಾಯಿ ಕಟ್ಟಾಕ ಆಗ್ಲಿಲ್ಲ.”

ಇಂಥ ಹೊತ್ತಿಗೆ ಏನು ಹೇಳಬೇಕೆಂದು ಕಂಪನಿ ಕಲಿಸಿತ್ತು. ಧೈರ್ಯಗೆಡಬೇಡಿ, ಎರಡನೇ ಕೋರ್ಸ್ ಶುರು ಮಾಡಿ. ಆ ಮಾತು ಜಸ್ಮೀನಳ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಇಷ್ಟು ಹೊತ್ತಿಗೆ ಅವಳು ಇನ್ನೊಂದನ್ನು ಗಮನಿಸಿದ್ದಳು. ಅಡುಗೆ ಮನೆಯಿಂದ ಪಡಸಾಲೆಗೆ ಇಳಿಯುವ ಒಂದೇ ಮೆಟ್ಟಿಲಿಗೆ ಭಾಗಮ್ಮ ಗೋಡೆ ಹಿಡಿದು, ಉಸಿರು ಬಿಗಿಹಿಡಿದು ಇಳಿಯುತ್ತಿದ್ದಳು. ಬೇಸಿಗೆಯಲ್ಲಿ ಇದೇ ಹೆಂಗಸು ಮಾಳಿಗೆಯ ಮೆಟ್ಟಿಲನ್ನು ಕೈಬೀಸಿಕೊಂಡು ಹತ್ತುತ್ತಿದ್ದಳು.

“ಅಕ್ಕಾ, ಮೊಣಕಾಲು ಯಾವಾಗಿಂದ ಹಿಂಗಾದವು?”

ಭಾಗಮ್ಮ ನೆನಪು ಮಾಡಿಕೊಂಡು ಹೇಳಿದಳು. ಮಷೀನ್ ಮಾಡುವಾಗ ಚಲೋ ಇದ್ದವು. ನಿದ್ದೆಯೂ ಚಲೋ ಬರುತ್ತಿತ್ತು. ತೂಕ ಮತ್ತೆ ಏರತೊಡಗಿದ ಮೇಲೆ ಎಲ್ಲರೆದುರು ಯಂತ್ರ ಹತ್ತಲು ನಾಚಿಕೆಯಾಗಿ ಬರುವುದು ಬಿಟ್ಟಳು. ಬಿಟ್ಟ ಮೇಲೆ ಕಾಲು ಮೊದಲಿನ ಹಾಗಾದವು.

ಜಸ್ಮೀನ ಊಟ ಮುಗಿಸಿದಳು, ಭಾಗಮ್ಮನಿಗೂ ತಾಟು ಹಾಕಿಸಿ ಉಣ್ಣಿಸಿದಳು. ಪೌಡರಿನ ಹೆಸರು ಎತ್ತಲಿಲ್ಲ. ವಾಪಸ್ ಬಸ್ಸಿನಲ್ಲಿ ಕಬ್ಬಿನ ಗದ್ದೆಗಳನ್ನು ನೋಡುತ್ತ ಕೂತವಳಿಗೆ ಒಂದೇ ವಿಚಾರ. ಒಬ್ಬಳಿಗೆ ಹೀಗಾಗಿದ್ದರೆ ಅದು ಅವಳ ಹಣೆಬರಹ ಅನ್ನಬಹುದು. ಉಳಿದವರಿಗೆ ಏನಾಗಿದೆ? ತಾನು ಒಮ್ಮೆಯೂ ಕೇಳಿರಲಿಲ್ಲ. ಕೋರ್ಸ್ ಮುಗಿದವರ ಫೋಟೋ ತೆಗೆದು ಕಳಿಸುತ್ತಿದ್ದಳು, ಅಷ್ಟೇ. ಆಮೇಲಿನ ವರ್ಷದ ಫೋಟೋವನ್ನು ಯಾರೂ ಕೇಳುತ್ತಿರಲಿಲ್ಲ.

ಅವಳು ಕೇಳತೊಡಗಿದಳು. ಕೆಲವರಿಗೆ ಫೋನ್ ಮಾಡಿದಳು, ಆಳಂದದಲ್ಲೇ ಇದ್ದವರ ಮನೆಗೆ ಹೋದಳು. ಹೆಚ್ಚುಕಡಿಮೆ ಎಲ್ಲರ ಕತೆಯೂ ಒಂದೇ. ಪೌಡರ್ ಕುಡಿಯುವಷ್ಟು ದಿನ ಇಳಿಯಿತು, ಊಟಕ್ಕೆ ಮರಳಿದ ಮೇಲೆ ಏರಿತು. ಏರಿದ್ದು ತಮ್ಮದೇ ತಪ್ಪೆಂದು ಪ್ರತಿಯೊಬ್ಬಳೂ ನಂಬಿದ್ದಳು. ಆ ನಾಚಿಕೆಗೆ ವ್ಯಾಯಾಮವನ್ನೂ ಬಿಟ್ಟಿದ್ದಳು. ತೂಕ ಇಳಿದು ಇಳಿದಂತೆಯೇ ಉಳಿದವಳು ಜಸ್ಮೀನಳಿಗೆ ಸಿಕ್ಕದ್ದು ಒಬ್ಬಳೇ, ಕಾಲೇಜಿನಲ್ಲಿ ಪಾಠ ಹೇಳುವ ರಾಧಿಕಾ. ಅವಳನ್ನು ವಿಚಾರಿಸಿದರೆ, ಆ ವಾಸನೆ ಸೇರದೆ ಪೌಡರನ್ನು ಮೊದಲ ವಾರವೇ ಬಚ್ಚಲಿಗೆ ಸುರಿದಿದ್ದೆ ಎಂದು ನಕ್ಕಳು. ರಾತ್ರಿಯೂಟ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿದ್ದಳು, ವ್ಯಾಯಾಮ ತಪ್ಪಿಸಿರಲಿಲ್ಲ. ಇತ್ತ ಪ್ಯಾರಿಬಿಯ ತೂಕ ಮೊದಲ ದಿನ ಎಷ್ಟಿತ್ತೋ ಇವತ್ತೂ ಅಷ್ಟೇ. ಆದರೆ ಡಾಕ್ಟರು ಅವರ ಸಕ್ಕರೆ ಕಾಯಿಲೆಯ ಗುಳಿಗೆ ಕಡಿಮೆ ಮಾಡಿದ್ದರು, ಮುದುಕಿ ತಾನೇ ನಡೆದು ಬಜಾರಿಗೆ ಹೋಗಿ ಬರುತ್ತಿದ್ದರು. ಅವರಿಗೆ ಮಾತ್ರ ಶಾಖೆಯಲ್ಲಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಜಸ್ಮೀನಳಿಗೆ ಎರಡು ದಿನ ಊಟ ಸೇರಲಿಲ್ಲ. ಡಬ್ಬಿಗಳನ್ನು ಮಾರಿದ್ದು ಅವಳ ಕೈಯೇ. ಮೂರನೇ ದಿನ ಎದ್ದವಳೇ ತೂಕದ ಯಂತ್ರವನ್ನು ಎತ್ತಿಕೊಂಡು ಹೋಗಿ ಹಿಂದಿನ ಕೋಣೆಯಲ್ಲಿ ಇಟ್ಟು ಬೀಗ ಹಾಕಿದಳು. ಭಾಗಮ್ಮನಿಗೆ ಫೋನ್ ಹಚ್ಚಿ, ಇನ್ನು ಮೇಲೆ ಇಲ್ಲಿ ಯಾರ ತೂಕವನ್ನೂ ನೋಡುವುದಿಲ್ಲ, ನೀವು ಕಾಲಿನ ಸಲುವಾಗಿ ಬರ್ರಿ ಎಂದಳು. ಬಿಟ್ಟುಹೋದ ಉಳಿದವರಿಗೂ ಇದನ್ನೇ ಹೇಳಿದಳು. ಹೊಸದಾಗಿ ಬಂದವರಿಗೆ ಪೌಡರ್ ತೋರಿಸುವುದನ್ನು ನಿಲ್ಲಿಸಿದಳು. ಎಲ್ಲರೂ ಬರಲಿಲ್ಲ. ಭಾಗಮ್ಮ ಬಂದಳು. ಮೊದಮೊದಲು ಒಂದೇ ಮಷೀನನ್ನು ಹಿಡಿದು ಕೂರುತ್ತಿದ್ದವಳು ಚಳಿಗಾಲ ಕಳೆಯುವಷ್ಟರಲ್ಲಿ ಪ್ಯಾರಿಬಿಯ ಜೊತೆ ಹರಟೆ ಹೊಡೆಯುತ್ತ ಎಲ್ಲ ಮಷೀನು ಸುತ್ತತೊಡಗಿದಳು.

ವಾರ್ಷಿಕೋತ್ಸವ ಹತ್ತಿರ ಬಂದಾಗ ಅಜಯಕುಮಾರ ಫೋನ್ ಮಾಡಿ, ಭಾಗಮ್ಮನ ಸತ್ಕಾರ ಮಾಡಬೇಕೆಂದ. ತೂಕ ವಾಪಸ್ ಬಂದಿದೆ ಎಂದು ಜಸ್ಮೀನ ಮುಚ್ಚಿಡದೆ ಹೇಳಿದಳು. ಅವನು, ಹಾಗಿದ್ದರೆ ಅವರನ್ನು ಕರೆಯುವುದು ಬೇಡ, ಬ್ಯಾನರ್ ಸಾಕು, ವೇದಿಕೆಗೆ ಶಾಖೆಗೆ ಬರುವ ಕಾಲೇಜು ಹುಡುಗಿ ಕೈನಾತಳನ್ನು ಹತ್ತಿಸೋಣ ಎಂದ. ಕೈನಾತ ಹುಟ್ಟಾ ತೆಳ್ಳಗಿನವಳು, ಪೌಡರಿನ ಡಬ್ಬಿಯನ್ನು ಮುಟ್ಟಿ ಕೂಡ ನೋಡಿದವಳಲ್ಲ. ಭಾಗಮ್ಮಕ್ಕ ಬರುತ್ತಾರೆ ಎಂದಷ್ಟೇ ಹೇಳಿ ಜಸ್ಮೀನ ಫೋನ್ ಇಟ್ಟಳು.

ಫಂಕ್ಷನ್ ಹಾಲ್ ತುಂಬ ಹೆಂಗಸರಿದ್ದರು. ಅಫಜಲಪುರದಿಂದ, ಜೇವರ್ಗಿಯಿಂದ ಕೂಡ ಜನ ಬಂದಿದ್ದರು, ಅಲ್ಲಿಯೂ ಶಾಖೆ ತೆರೆಯುವ ಆಸೆ ಕಂಪನಿಗಿತ್ತು. ವೇದಿಕೆಯ ಹಿಂದೆ ಭಾಗಮ್ಮನ ಎರಡು ಫೋಟೋಗಳ ದೊಡ್ಡ ಬ್ಯಾನರ್. ಇಳಕಲ್ ಸೀರೆಯುಟ್ಟ ಭಾಗಮ್ಮ ಮುಂದಿನ ಸಾಲಿನಲ್ಲಿ ಕೂತಿರುವುದನ್ನು ನೋಡಿ ಅಜಯಕುಮಾರ ಜಸ್ಮೀನಳನ್ನು ಬದಿಗೆ ಕರೆದು, ಅವರಿಗೆ ಮೈಕ್ ಕೊಡಬೇಡಿ ಎಂದು ಬೇಡಿಕೊಂಡ. ಬ್ಯಾನರ್ ಅವರದು, ಮಾತಾಡುವ ಹಕ್ಕೂ ಅವರದೇ ಎಂದು ಹೇಳಿ ಜಸ್ಮೀನ ತಾನೇ ಭಾಗಮ್ಮನ ಹೆಸರು ಕರೆದಳು.

ಪಂಚಾಯ್ತಿ ನಡೆಸಿದ ಹೆಂಗಸಿಗೆ ಮೈಕಿನ ಅಂಜಿಕೆ ಇರಲಿಲ್ಲ.

“ಆ ಫೋಟೋದಾಗ ತೆಳ್ಳಗ ಇದ್ದಾಕಿ ನಾನೇ. ಈಗ ನಿಮ್ಮ ಮುಂದ ನಿಂತಾಕೀನೂ ನಾನೇ. ಪೌಡರ್ ಕುಡದೆ, ಇಳೀತು. ರೊಟ್ಟಿ ತಿಂದೆ, ತಿರುಗಿ ಬಂತು. ನಾಚಿ ಮನ್ಯಾಗ ಕುಂತೆ, ಕುಂತಿದ್ದಕ್ಕ ಮೊಣಕಾಲೂ ಹೋದವು. ಈಗ ಮತ್ತ ಬರಾಕತ್ತೇನಿ. ತೂಕ ಇದ್ದಷ್ಟೇ ಅದ, ಕಾಲು ಚಲೋ ಆಗ್ಯಾವ. ನಾಚಿಕಿ ಬಿಟ್ಟೇನಿ, ಅದೂ ಚಲೋ ಆಗ್ಯಾದ.”

ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು ನೇರವಾಗಿ ಜಸ್ಮೀನಳನ್ನೇ ಕೇಳಿದಳು. ಇಷ್ಟು ವರ್ಷ ನೀವೇ ನಡೆಸೀರಿ, ಖರೇ ಹೇಳ್ರಿ, ಇದು ಕೆಲಸ ಮಾಡ್ತದೋ ಇಲ್ಲೋ?

ಜಸ್ಮೀನ ಮೈಕ್ ತಗೊಂಡಳು.

“ಪೌಡರ್ ಕುಡಿಯೋತನಕ ಕೆಲಸ ಮಾಡ್ತದ್ರಿ. ಆದ್ರ ಜಿಂದಗಿ ಪೂರಾ ಯಾರೂ ಪೌಡರ್ ಕುಡಿಯಂಗಿಲ್ಲ. ವ್ಯಾಯಾಮ ಮಾಡಿದ್ರ ತೂಕ ಬಾಳ ಇಳೀತದ ಅಂತ ಸುಳ್ಳು ಹೇಳಂಗಿಲ್ಲ. ಮೈಯಾಗ ತಾಕತ್ತು ಬರ್ತದ, ನಿದ್ದಿ ಬರ್ತದ, ಕೆಲವರಿಗೆ ಶುಗರ್ ಹತೋಟಿಗೆ ಬರ್ತದ. ಇದನ್ನ ನಾ ಕಣ್ಣಾರೆ ನೋಡೇನಿ. ಬರೋದು ಬಿಟ್ರ ಅದೂ ಹೋಗ್ತದ. ತೂಕ ಇಳಸಬೇಕಂದ್ರ ಡಾಕ್ಟರ್‌ಗೆ ಕೇಳ್ರಿ, ನನಗ ಕೇಳಬ್ಯಾಡ್ರಿ.”

ಯಾರೋ ಚಪ್ಪಾಳೆ ತಟ್ಟಿದರು, ಯಾರೋ ಗೊಣಗಿದರು, ಕೆಲವರು ಎದ್ದು ಹೋದರು. ಊಟದ ಪಂಕ್ತಿಯಲ್ಲಿ ಮಾತ್ರ ಎಲ್ಲರೂ ಭಾಗಮ್ಮನನ್ನು ಸುತ್ತುವರಿದು ತಮ್ಮ ತಮ್ಮ ಕತೆ ಹೇಳಿಕೊಳ್ಳುತ್ತಿದ್ದರು.

ಎಲ್ಲ ಮುಗಿದ ಮೇಲೆ ಅಜಯಕುಮಾರ ಖಾಲಿ ಕುರ್ಚಿಗಳ ನಡುವೆ ಒಬ್ಬನೇ ಕೂತಿದ್ದ. ಬಯ್ಯುತ್ತಾನೆಂದುಕೊಂಡು ಜಸ್ಮೀನ ಹತ್ತಿರ ಹೋದಳು. ಅವನು ಬಯ್ಯಲಿಲ್ಲ.

“ನೀವು ಹೇಳಿದ್ದು ಸುಳ್ಳಲ್ಲ ಮೇಡಮ್. ಆದ್ರೆ ಕಂಪನಿ ನಡೆಯೋದೇ ಪೌಡರ್ ಮೇಲೆ. ನನ್ನ ಹೆಂಡತಿನೂ ಎರಡು ಸಲ ಕೋರ್ಸ್ ಮುಗಿಸಿದಾಳೆ.”

“ಈಗ ಹೆಂಗ ಅದಾರ್ರಿ?”

“ಮೂರನೇ ಸಲ ಶುರು ಮಾಡಿದಾಳೆ,” ಎಂದು ಅವನು ನೆಲ ನೋಡಿದ.

ತಿಂಗಳೊಪ್ಪತ್ತಿನಲ್ಲಿ ಕಂಪನಿ ತನ್ನ ಹೆಸರು ವಾಪಸ್ ತಗೊಂಡಿತು. ಬೋರ್ಡ್ ಇಳಿಯಿತು, ಕಂಪನಿಯ ಮಷೀನುಗಳು ಲಾರಿ ಹತ್ತಿದವು. ತೆಳ್ಳಗಾಗಲೇಬೇಕೆಂದಿದ್ದ ಕೆಲವರು ಕಲಬುರ್ಗಿಯ ಶಾಖೆಗೆ ಸೇರಿಕೊಂಡರು. ಜಸ್ಮೀನ ಅವರನ್ನು ತಡೆಯಲಿಲ್ಲ, ಬೇಕಾದಾಗ ಬನ್ನಿ ಎಂದು ಹೇಳಿ ಕಳಿಸಿದಳು. ಉಳಿದವರು ಖಾಲಿಯಾದ ಮಾಳಿಗೆಯಲ್ಲಿ ಜಮಖಾನೆ ಹಾಸಿ ಕೂತು ಮುಂದೇನು ಎಂದು ವಿಚಾರ ಮಾಡಿದರು. ಮುಕ್ರಮ ಅಂಗಡಿಯಲ್ಲಿದ್ದ ಹಳೇ ಟೈರುಗಳನ್ನು ಕಳಿಸಿದ. ಭಾಗಮ್ಮ ಉಸುಕು ತುಂಬಿದ ಚೀಲಗಳನ್ನು ಟ್ರ್ಯಾಕ್ಟರಿನಲ್ಲಿ ತರಿಸಿದಳು. ಎತ್ತುವುದು, ಇಳಿಸುವುದು, ತಳ್ಳುವುದು, ಎಳೆಯುವುದು, ಜಸ್ಮೀನ ಕಾಲೇಜಿನ ಮೈದಾನದಲ್ಲಿ ಕಲಿತದ್ದೆಲ್ಲ ಈಗ ಕೆಲಸಕ್ಕೆ ಬಂತು. ಮೊದಲಿಗಿಂತ ಗದ್ದಲ ಜಾಸ್ತಿಯಾಯಿತು, ಕೆಳಗಿನ ಬಟ್ಟೆ ಅಂಗಡಿಯವನು ಛತ್ತು ಕುಸಿದೀತೆಂದು ಎರಡು ಸಲ ಮೇಲೆ ಬಂದು ಬಾಗಿಲು ಬಡಿದ.

ಸಮಾರಂಭದಲ್ಲಿ ಅವಳ ಮಾತು ಕೇಳಿದ್ದ ಜೇವರ್ಗಿಯ ಹೆಂಗಸರು ಬೇಸಿಗೆಯಲ್ಲಿ ಫೋನ್ ಮಾಡಿದರು. ನಮಗೆ ಕಂಪನಿ ಬೇಡ, ವಾರಕ್ಕೆರಡು ದಿನ ನೀವು ಬಂದರೆ ಸಾಕು ಎಂದರು. ಜಸ್ಮೀನ ಒಪ್ಪಿದಳು.

ಮೊದಲ ದಿನ ಸಮುದಾಯ ಭವನದಲ್ಲಿ ಹೆಂಗಸರು ಗೋಡೆಗೆ ಆನಿಕೊಂಡು ಒಬ್ಬರಿಗೊಬ್ಬರು ಅಂಟಿ ನಿಂತಿದ್ದರು. ಎಷ್ಟು ಕಿಲೋ ಇಳಿಯುತ್ತದೆ ಎಂದು ಯಾರೋ ಕೇಳಿದರು. ಗೊತ್ತಿಲ್ಲ, ಇಳಿಯದೆಯೂ ಇರಬಹುದು ಎಂದಳು ಜಸ್ಮೀನ. ಇಬ್ಬರು ಮುಖ ನೋಡಿಕೊಂಡು ಚಪ್ಪಲಿ ಮೆಟ್ಟಿ ಹೊರಟರು. ಅವರು ಹೋಗುವವರೆಗೂ ಕಾಯ್ದು, ಅವಳು ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು ನಡುವೆ ಬಂದು ನಿಂತು, ಉಳಿದವರಿಗೆ ಕೈ ಅಗಲಿಸಿ ನಿಲ್ಲಲು ಹೇಳಿದಳು. ಒಬ್ಬರ ಕೈ ಒಬ್ಬರಿಗೆ ತಾಕಿತು. ಅವರು ನಗುತ್ತ ಹಿಂದೆ ಸರಿದು, ತಮಗೆ ಬೇಕಾದಷ್ಟು ಜಾಗ ಮಾಡಿಕೊಂಡರು.