ಹಸಿರು ಮುಚ್ಚಳದ ಡಬ್ಬಿ

ಮಸ್ಕಿಯ ಲಾಲ್‌ಸಾಬ್ ಹಕೀಮನಿಗೆ ಒಂದು ಚಾಳಿಯಿತ್ತು. ನಾಡಿ ಹಿಡಿದ ಕೈ ಬಿಡುವ ಮೊದಲೇ ಸುಕ್ರಾತನ ಸುದ್ದಿ ತೆಗೆಯುತ್ತಿದ್ದ. ಯುನಾನಿ ಔಷಧ ಗ್ರೀಕರಿಂದ ಬಂದದ್ದು, ಆ ಗ್ರೀಕರಲ್ಲೆಲ್ಲ ಜಾಣ ಸಾಕ್ರೆಟೀಸ್, ಅವನೇ ನಮ್ಮ ಸುಕ್ರಾತ ಎಂದು ಹೊಟ್ಟೆನೋವಿನಿಂದ ಒದ್ದಾಡುವವರಿಗೂ ಪಾಠ ಹೇಳುವನು. ನಾನು ಅಮರಗುಂಡಪ್ಪ, ಉರ್ದು ಶಾಲೆಯ ಮಾಸ್ತರ. ಶಾಲೆ ಬಿಟ್ಟೊಡನೆ ಹೋಗಿ ಅವನ ಅಂಗಡಿ ಕಟ್ಟೆ ಹಿಡಿಯುತ್ತಿದ್ದೆ. ದಿನಕ್ಕೊಂದು ವಾದ ಮಾಡದಿದ್ದರೆ ನನಗೆ ಉಂಡ ಅನ್ನ ಅರಗುತ್ತಿರಲಿಲ್ಲ.

"ಒಳ್ಳೇದು ಯಾವುದು ಅಂತ ಖರೇನ ತಿಳದವ ಕೆಟ್ಟದ್ದು ಮಾಡಂಗಿಲ್ಲ, ದೋಸ್ತ್. ಮಾಡ್ಯಾನ ಅಂದ್ರ ಅವಗ ತಿಳದಿಲ್ಲ ಅಂತ ಅರ್ಥ."

"ಹಂಗಾದ್ರ ಕಳ್ಳರೆಲ್ಲ ಪಾಪ, ದಡ್ಡರೇನು?"

"ದಡ್ಡರೇ. ಅವರಿಗೆ ಜೈಲಿಗಿಂತ ಶಾಲಿ ಬೇಕು. ನಿನ್ನಂಥ ಮಾಸ್ತರ ಮಾತ್ರ ಬ್ಯಾಡ."

ಇಬ್ಬರೂ ನಗುತ್ತಿದ್ದೆವು. ನಿಜಾಮನ ರಾಜ್ಯ ಮುಗಿದ ನಲವತ್ತೆಂಟರ ಸೆಪ್ಟೆಂಬರ್ ಆದಮೇಲೂ ಅವನು ಹಾಗೆಯೇ ನಗುತ್ತಿದ್ದ, ನನಗೆ ಮಾತ್ರ ನಗು ಬರುತ್ತಿರಲಿಲ್ಲ.

ಮರುವರ್ಷ ಫೆಬ್ರವರಿಯಲ್ಲಿ ಸಂತೆಕಲ್ಲೂರಿನಿಂದ ಹೇಳಿಕಳಿಸಿದರು. ತಂಗಿ ಕಸ್ತೂರೆಮ್ಮನಿಗೆ ಮೂರು ದಿನದಿಂದ ಉಬ್ಬಸ. ನೀರು ಸಹ ಇಳಿಯುತ್ತಿಲ್ಲ. ಲಿಂಗಸುಗೂರಿನ ದವಾಖಾನೆಗೆ ಹೊತ್ತೊಯ್ದರೆ ದಾರಿಯಲ್ಲೇ ಉಸಿರು ನಿಂತೀತೆಂದು ಮನೆಯವರಿಗೆ ಭಯ. ನಾನು ಬಂಡಿ ಕಟ್ಟಿ, ಲಾಲ್‌ಸಾಬನನ್ನು ಅವನ ಔಷಧದ ಚೀಲಗಳ ಸಮೇತ ಹತ್ತಿಸಿಕೊಂಡು ಮಧ್ಯಾಹ್ನಕ್ಕೆ ಅಲ್ಲಿ ಮುಟ್ಟಿದೆ.

ಅಂಗಳದ ತುಂಬ ಜನ. ಕಸ್ತೂರೆಮ್ಮ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಎದೆಯ ಸುಯ್ಯೆನ್ನುವ ಸದ್ದು ತಲೆಬಾಗಿಲಿಗೇ ಕೇಳುತ್ತಿತ್ತು. ಅವಳ ಗಂಡ ಬಸವಂತರಾಯ, ಊರಿನ ದೊಡ್ಡ ಜಮೀನುದಾರ, ಹಕೀಮನನ್ನು ಮೇಲಿಂದ ಕೆಳಗೆ ನೋಡಿ ನನ್ನ ಕಡೆ ತಿರುಗಿದ.

"ಇವನ್ನ ಯಾಕ ಕರ್ಕೊಂಡು ಬಂದಿ? ನಿಜಾಮನ ರಜಾಕಾರರು ನಮ್ಮ ಕಣಕ್ಕ ಬೆಂಕಿ ಹಚ್ಚಿದ್ದು ಮರ್ತೇನು?"

"ಇವನೇನು ಹಚ್ಚಿಲ್ಲಲ್ರೀ, ಮಾವ. ಇಕಿ ಉಸಿರು ಹೋಗಾಕತ್ತೈತಿ. ಮೊದಲು ಅದನ್ನ ನೋಡೂಣು."

ಅವನು ಒಪ್ಪಿದ, ಆದರೆ ಆ ಮನೆಯ ರೂಢಿ ಬಿಡಲಿಲ್ಲ. ಅವನ ಅಜ್ಜನಿಗೆ ಯಾರೋ ಮದ್ದು ಹಾಕಿ ಕೊಂದಿದ್ದರಂತೆ. ಅಂದಿನಿಂದ ಹೊರಗಿನವರು ಔಷಧ ಕೊಟ್ಟರೆ ಮೊದಲ ಗುಟುಕು ಕೊಟ್ಟವರೇ ಕುಡಿಯಬೇಕು. ಲಾಲ್‌ಸಾಬ್ ಖುಷಿಯಿಂದಲೇ ತಲೆ ಆಡಿಸಿದ. ಅಂಗಳದ ಒಲೆಯ ಮೇಲೆ ಜ್ಯೇಷ್ಠಮಧು, ಒಣದ್ರಾಕ್ಷಿ, ಒಂದು ಚೀಲ ಬಿಚ್ಚಿ ಎರಡು ಚಿಟಿಕೆ ಕಫ ಕರಗಿಸುವ ಖತ್ಮಿ ಬೀಜ ಹಾಕಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಬಟ್ಟಲಿಗೆ ಬಗ್ಗಿಸಿ, ಎಲ್ಲರೆದುರು ಒಂದು ಗುಟುಕು ಬಾಯಿಗೆ ಹಾಕಿಕೊಂಡ.

ನುಂಗಲಿಲ್ಲ. ಅವನ ಮುಖ ಬಿಳಚಿತು. ಒಲೆಯ ಬೂದಿಗೆ ಉಗುಳಿದ.

"ವಿಷ!" ಎಂದು ಬಸವಂತರಾಯ ಕೂಗಿದ. ಅವನ ಆಳು ಮಾನಪ್ಪ ಬಾಗಿಲಿಗೆ ಅಡ್ಡ ನಿಂತು ಬಡಿಗೆ ಎತ್ತಿದ.

ಒಂದು ಸುಳ್ಳು ಸಾಕಿತ್ತು. ಬಿಸಿ ಇತ್ತು, ನಾಲಿಗೆ ಸುಟ್ಟಿತು ಅಂದಿದ್ದರೆ ಎಲ್ಲರೂ ನಂಬುತ್ತಿದ್ದರು, ಔಷಧ ಒಳಗೆ ಹೋಗುತ್ತಿತ್ತು, ಹಕೀಮ ಬಂಡಿ ಹತ್ತುತ್ತಿದ್ದ. ನಾನಾಗಿದ್ದರೆ ಅದನ್ನೇ ಹೇಳುತ್ತಿದ್ದೆ.

"ಇದರಾಗ ಏನದ ಅಂತ ನನಗ ಗೊತ್ತಿರಲಿಲ್ರೀ, ಧಣಿ," ಎಂದ ಲಾಲ್‌ಸಾಬ್. "ಸಿಹಿ ಇರಬೇಕಿತ್ತು, ಕಹಿ ಅದ. ಖತ್ಮಿ ಬೀಜದಾಗ ಮದಗುಣಕಿ, ಅದೇ ದತ್ತೂರಿ ಬೀಜ, ಕಲತಾವ. ಎರಡೂ ನೋಡಾಕ ಒಂದೇ ನಮೂನಿ. ಅಮ್ಮಾರು ಈ ಬಟ್ಲ ಪೂರ್ತಿ ಕುಡದಿದ್ರ ಸಂಜೀತನಕ ಉಳೀತಿರಲಿಲ್ಲ."

"ನೀನೇ ಕಲಸಿ ನೀನೇ ಹೇಳ್ತಿ? ಹಂಗಾರ ನೀನೇ ಪೂರ್ತಿ ಕುಡಿ!" ಬಸವಂತರಾಯ ಬಟ್ಟಲನ್ನು ಅವನ ತುಟಿಗೆ ಒತ್ತಿದ. ಕಷಾಯ ಅವನ ಗಡ್ಡದ ಮೇಲೆ ಚೆಲ್ಲಿತು.

"ಕುಡೀತೀನಿ ಬೇಕಾದ್ರ. ಮೊದಲು ಅಮ್ಮಾರಿಗೆ ಬ್ಯಾರೆ ಔಷಧ ಆಗ್ಲಿ," ಎಂದ ಲಾಲ್‌ಸಾಬ್. "ಸೆಪ್ಟೆಂಬರದಾಗ ನನ್ನ ಅಂಗಡಿ ಒಡದ್ರಲ್ರೀ, ಎಲ್ಲಾ ಔಷಧ ನೆಲಕ್ಕ ಬಿದ್ದಿತ್ತು. ಗೋಡಿ ಕಡೇದೊಂದು, ಬಾಗಿಲ ಕಡೇದೊಂದು ಅಂತ ಎರಡು ಚೀಲ ಮಾಡಿ ಆರಿಸಿ ಇಟ್ಟೆ. ಮದಗುಣಕಿ ಹಸಿರು ಮುಚ್ಚಳದ ಡಬ್ಬಿಯಾಗಿತ್ತು. ಅದು ಸಿಗಲಿಲ್ಲ, ಯಾರೋ ಒಯ್ದಾರ ಅಂತ ತಿಳದೆ. ಒಯ್ದಿಲ್ಲ, ಚೆಲ್ಯಾರ. ಎಲ್ಲಿ ಚೆಲ್ಯಾರ ಅಂತ ಗೊತ್ತಾದ್ರ ಯಾವ ಚೀಲ ಚಲೋ ಅದ ಅಂತ ಹೇಳಬಲ್ಲೆ. ಗೊತ್ತಿಲ್ದ ಒಂದು ಚಿಟಿಕಿನೂ ಕೊಡಾಕ ಬರಂಗಿಲ್ಲ."

ಪಡಸಾಲೆಯಲ್ಲಿ ತಂಗಿಯ ಕತ್ತು ವಾಲಿತು. ಹೆಂಗಸರು ಅಳತೊಡಗಿದರು.

ನನಗೆ ಗೊತ್ತಿತ್ತು. ಅಂದು ಅಂಗಡಿಗೆ ನುಗ್ಗಿದವರು ನಮ್ಮದೇ ಜನ. ಹೊರಗೆ ನಿಂತಿದ್ದ ನನ್ನನ್ನು ಕಂಡು, "ಮಾಸ್ತರ, ದಿನಾ ಇಲ್ಲೇ ಕೂಡ್ತೀಯಲ್ಲ, ನೀ ಯಾರ ಕಡೆಯಾಂವ?" ಎಂದರು. ನಾನು ಒಳಗೆ ಹೋಗಿ ಕೈಗೆ ಸಿಕ್ಕ ಡಬ್ಬಿಯನ್ನು ಹೊಸ್ತಿಲಿಗೆ ಅಪ್ಪಳಿಸಿದೆ. ಅವರು ಭಲೇ ಎಂದರು. ತಗಡನ್ನು ಬೇಲಿಗೆ ಒಗೆದು ಮನೆಗೆ ಹೋದೆ. ಮರುದಿನ ಬಂದು, ಪುಣ್ಯಾತ್ಮನ ಹಾಗೆ ಹಕೀಮನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಾಗಿಲ ಕಡೆಯ ಬೀಜವನ್ನೆಲ್ಲ ನಾನೇ ಆರಿಸಿದೆ. ಅವನು ನನ್ನ ಬೆನ್ನು ತಟ್ಟಿ ಕಣ್ಣೀರು ಹಾಕಿದ್ದ. ಥೂ ನನ್ನ ಜನ್ಮಕ್ಕೆ.

"ಹೊಸ್ತಿಲ ಮ್ಯಾಲ," ಎಂದೆ.

ಯಾರಿಗೂ ಕೇಳಿಸಲಿಲ್ಲ. ಮತ್ತೆ ಗಟ್ಟಿಯಾಗಿ ಹೇಳಿದೆ. "ಹಸಿರು ಮುಚ್ಚಳದ ಡಬ್ಬಿ ಹೊಸ್ತಿಲ ಮ್ಯಾಲ ಬಿತ್ತು. ನಾನೇ ಒಡದೆ."

ಲಾಲ್‌ಸಾಬ್ ನನ್ನನ್ನು ನೋಡಿದ. ಬಡಿಗೆ ಎತ್ತಿದಾಗಲೂ ಅವನ ಮುಖ ಹಾಗಾಗಿರಲಿಲ್ಲ.

"ತಿಳದು ಒಡದೇನು?"

ಒಳಗೇನಿತ್ತೆಂದು ನನಗೆ ತಿಳಿದಿರಲಿಲ್ಲ. ಅದನ್ನು ಹೇಳಿ ಪಾರಾಗಬಹುದಿತ್ತು. ಆದರೆ ಅವನು ಕೇಳಿದ್ದು ಅದಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಹೂಂ, ತಿಳದೇ ಒಡದೆ," ಎಂದೆ. "ತಪ್ಪು ಅಂತ ಗೊತ್ತಿತ್ತು."

ಲಾಲ್‌ಸಾಬ್ ಬಿಚ್ಚಿದ್ದ ಬಾಗಿಲ ಕಡೆಯ ಚೀಲವನ್ನು ಒಲೆಗೆ ತಳ್ಳಿ, ಪಾತ್ರೆ ತಿಕ್ಕಿ, ಗೋಡೆ ಕಡೆಯ ಚೀಲದ ಗಂಟು ಬಿಚ್ಚಿದ. ಬಸವಂತರಾಯ ಮಾನಪ್ಪನಿಗೆ ಬಡಿಗೆ ಇಳಿಸಲು ಸನ್ನೆ ಮಾಡಿ, ತಾನೇ ಒಲೆಗೆ ಕಟ್ಟಿಗೆ ಒಟ್ಟಿದ. ಕಷಾಯ ಕುದಿಯುವಷ್ಟು ಹೊತ್ತು ತಂಗಿಯ ಉಸಿರು ಎಳೆಯುತ್ತಲೇ ಇತ್ತು. ಹಕೀಮ ಒಂದು ಗುಟುಕು ಕುಡಿದು, ನುಂಗಿ, ಬಟ್ಟಲನ್ನು ಒಳಗೆ ಕಳಿಸಿದ. ಅವಳ ಮೂಗಿಗೆ ಬಿಸಿ ಆವಿ ಹಿಡಿಸಿದ, ಬೆನ್ನು ತಿಕ್ಕಲು ಹೆಂಗಸರಿಗೆ ತೋರಿಸಿದ. ಹೊತ್ತು ಇಳಿಯುವಾಗ ಅವಳು ಕಫ ಉಗುಳಿ ನೀರು ಕೇಳಿದಳು.

ನಾನು ಅತ್ತೆ. ಎಲ್ಲರೂ ತಂಗಿಗಾಗಿ ಅತ್ತೆನೆಂದುಕೊಂಡರು.

ಬಂಡಿ ಹೂಡಿ ಬಾಗಿಲಿಗೆ ತಂದೆ. ಲಾಲ್‌ಸಾಬ್ ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ.

"ಹತ್ತು, ದೋಸ್ತ್."

"ನಡಕೊಂತ ಹೋಗ್ತೀನ್ರೀ, ಮಾಸ್ತರ," ಎಂದ.

ಅವನು ನನಗೆ ರೀ ಹಚ್ಚಿ ಮಾತಾಡಿದ್ದು ಅದೇ ಮೊದಲು. ಜೋಳದ ಹೊಲಗಳ ನಡುವಿನ ದಾರಿಯಲ್ಲಿ ಅವನು ಮುಂದೆ ನಡೆದ. ನಾನು ಎತ್ತುಗಳ ಹಗ್ಗ ಬಿಗಿಹಿಡಿದು, ಅವನ ಹೆಜ್ಜೆಗೆ ಸಮನಾಗಿ ಖಾಲಿ ಬಂಡಿ ಹೊಡೆದೆ. ಎರಡು ಸಲ ಅವನು ಸುಸ್ತಾಗಿ ಕಲ್ಲಿನ ಮೇಲೆ ಕೂತ. ನಾನೂ ಬಂಡಿ ನಿಲ್ಲಿಸಿ ಕಾದೆ. ಮಸ್ಕಿ ಬರುವ ತನಕ ಅವನು ಹತ್ತಲಿಲ್ಲ.